ತಕರಾರಿಲ್ಲದ ಓಣಿ

ಹೊನ್ನದಿನ್ನಿಯ ಜನರನ್ನು ಕೇಳದೆ ಯಾರೂ ಏನನ್ನೂ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರೆಲ್ಲ ಮೊದಲು ಎತ್ತುವ ಮಾತು ಅದೇ: ಊರವರನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರು. ಹದಿನೆಂಟು ಸಾವಿರ ಜನರಲ್ಲಿ ಹಾಲು ಕುಡಿಯುವ ಕೂಸುಗಳನ್ನು ಬಿಟ್ಟು ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ತಲೆಗೆ ಎರಡು ತಾಸಿನಂತೆ, ಸಮಾಧಾನವಾಗಿ ಕೇಳಿದ್ದರು. ಎಡವಟ್ಟಾಗಿದ್ದೇ ಅಲ್ಲಿ.

ಬುಧವಾರ ಮಧ್ಯಾಹ್ನ, ನಕ್ಷೆ ಕೇಂದ್ರದಲ್ಲಿ ಕೆಲಸಕ್ಕಿದ್ದ ಜಗದೇವಿ ಹಟಗಾರ ಅಲ್ಲಿಯ ಗೋಡೆಯಗಲದ ಪರದೆಯ ಮುಂದೆ ನಿಂತು ತನ್ನ ಅತ್ತೆಯನ್ನು ನೋಡುತ್ತಿದ್ದಳು. ಅತ್ತೆ ನಿಂಬೆವ್ವ ಆ ಹೊತ್ತಿಗೆ ನಿಜವಾಗಿ ಮನೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪರದೆಯ ಮೇಲಿದ್ದದ್ದು ಅವಳ ಪಡಿಯಾಳು. ಹೆಸರು ಹೊತ್ತ ಒಂದು ಹಳದಿ ಚುಕ್ಕೆ, ಅಷ್ಟೇ. ಆದರೆ ನಿಂಬೆವ್ವ ಎಷ್ಟು ಹೊತ್ತಿಗೆ ಏಳುತ್ತಾಳೆ, ಎಷ್ಟು ನೀರು ಬಳಸುತ್ತಾಳೆ, ಸಂತೆಗೆ ಯಾವ ದಾರಿ ಹಿಡಿಯುತ್ತಾಳೆ, ಯಾವುದಕ್ಕೆ ಸಿಡುಕುತ್ತಾಳೆ ಎಂಬುದೆಲ್ಲ ಆ ಚುಕ್ಕೆಗೆ ಗೊತ್ತಿತ್ತು. ಎರಡು ತಾಸಿನ ಮಾತು, ಮೀಟರುಗಳ ಓದು, ಫೋನಿನ ಓಡಾಟ ಎಲ್ಲವನ್ನೂ ಕಲೆಸಿ ಯಂತ್ರ ಅದನ್ನು ಮಾಡಿತ್ತು. ಊರಿನ ಪ್ರತಿಯೊಬ್ಬರಿಗೂ ಅಂಥದೊಂದು ಪಡಿಯಾಳು ಇತ್ತು.

ಇದರ ಅಗತ್ಯವೂ ಇತ್ತೆನ್ನಿ. ಊರಾಚೆಯ ದಿನ್ನೆಯ ಮೇಲೆ ದೇಶದಲ್ಲೇ ದೊಡ್ಡ ಬ್ಯಾಟರಿ ಕಾರ್ಖಾನೆ ಏಳುತ್ತಿತ್ತು. ಹದಿನೆಂಟು ಸಾವಿರದ ಊರು ಏಳು ವರ್ಷಕ್ಕೆ ಎರಡೂವರೆ ಲಕ್ಷ ಆಗುವುದಿತ್ತು. ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಶಾಲೆ ಎಲ್ಲಿ? ಹಿಂದಿನ ಕಾಲದಲ್ಲಾದರೆ ಶಾಮಿಯಾನ ಹಾಕಿ ಸಭೆ ಕರೆಯುತ್ತಿದ್ದರು, ಗಂಟಲು ದೊಡ್ಡದಿದ್ದ ನಾಲ್ಕು ಮಂದಿ ಕೂಗಾಡುತ್ತಿದ್ದರು, ಉಳಿದವರು ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತಿದ್ದರು. ಈಗ ಹಾಗಲ್ಲ. ಯಂತ್ರದೊಳಗೆ ಪಡಿಯಾಳುಗಳ ಇಡೀ ಊರೇ ಇತ್ತು. ಒಂದು ನಕ್ಷೆ ಕೊಟ್ಟರೆ ಆ ಊರು ಇಪ್ಪತ್ತು ವರ್ಷಗಳನ್ನು ಹನ್ನೊಂದು ನಿಮಿಷದಲ್ಲಿ ಬದುಕಿ ತೋರಿಸುತ್ತಿತ್ತು. ಯಾರಿಗೆ ಎಷ್ಟು ಕಷ್ಟವಾಯಿತು ಎಂದು ಕೂಡಿಸಿ, ಯಾವ ನಕ್ಷೆಯಲ್ಲಿ ಒಟ್ಟು ಕಷ್ಟ ಕಡಿಮೆಯೋ ಅದನ್ನೇ ಆರಿಸುತ್ತಿತ್ತು.

ನಾನೂರ ಹನ್ನೆರಡನೆಯ ನಕ್ಷೆ ಗೆದ್ದಿತ್ತು. ಅದರಲ್ಲಿ ಕಾರ್ಖಾನೆಗೆ ಹೋಗುವ ನಾಲ್ಕು ಪಥದ ಬಸ್ ರಸ್ತೆ ಹಾಸುಬೀದಿಯ ಮೇಲೆ ಹಾದುಹೋಗಿತ್ತು. ಹಾಸುಬೀದಿ ಎಂದರೆ ಜಗದೇವಿಯ ಓಣಿ. ತೊಂಬತ್ನಾಲ್ಕು ಮನೆ, ಎಲ್ಲರೂ ನೇಕಾರರು. ರಸ್ತೆ ಬಂದ ದಿನ ಆ ಓಣಿಯ ಚುಕ್ಕೆಗಳು ಒಂದಿಷ್ಟು ಅಲುಗಾಡಿದವು, ಮತ್ತೆ ತಮ್ಮ ತಮ್ಮ ಮನೆಯೊಳಗೆ ಹೋಗಿ ತಣ್ಣಗೆ ಕೂತವು. ಪಕ್ಕದಲ್ಲಿ ಅಂಕಿ ಮೂಡಿತು: ತಕರಾರು, ಸೊನ್ನೆ.

"ನಿಮ್ಮ ಓಣಿಯವರು ತುಂಬಾ ಒಳ್ಳೇ ಜನ ಜಗದೇವಿ," ಎಂದಳು ವಾರಿಜಾ. ಯಂತ್ರದ ಉಸ್ತುವಾರಿಗೆಂದು ಮೈಸೂರಿನಿಂದ ಬಂದಿದ್ದ ಎಂಜಿನಿಯರ್ ಅವಳು. ಎರಡು ವರ್ಷದಿಂದ ಸರಿಯಾಗಿ ರಜೆ ತೆಗೆದುಕೊಂಡಿರಲಿಲ್ಲ. "ಸಹನೆಯ ಅಂಕ ನೂರಕ್ಕೆ ತೊಂಬತ್ತೈದು. ಪೇಟೆ ಬೀದಿಯೋರ್ದು ನೋಡಿ, ಹನ್ನೆರಡು! ಒಂದು ಬಸ್ ಸ್ಟಾಪ್ ಇಟ್ರೂ ಹಾರಾಡ್ತಾರೆ."

"ಮೇಡಂ, ಅದು ಬರೇ ಬೀದಿ ಅಲ್ರಿ. ಅಲ್ಲೇ ಹಾಸು ಹರವೂದು ನಾವು."

"ಹಾಸು ಅಂದ್ರೆ?"

ಸೀರೆಗೆ ಬೇಕಾದ ಉದ್ದದ ಎಳೆಗಳನ್ನು ನಸುಕಿನಲ್ಲೇ ಬೀದಿಯ ಉದ್ದಕ್ಕೂ ಗೂಟದಿಂದ ಗೂಟಕ್ಕೆ ಬಿಗಿದು, ಗಂಜಿ ಸವರಿ, ಬಿಸಿಲು ಚುರುಕಾಗುವುದರೊಳಗೆ ಒಣಗಿಸಿ ಸುತ್ತಿಕೊಳ್ಳಬೇಕು. ಅರವತ್ತು ಮೊಳ ಉದ್ದ. ಅದು ಆಗದೆ ಮಗ್ಗಕ್ಕೆ ಒಂದು ಎಳೆಯೂ ಏರುವುದಿಲ್ಲ. ಜಗದೇವಿ ಇದನ್ನೆಲ್ಲ ಗಡಿಬಿಡಿಯಲ್ಲಿ ವಿವರಿಸಿದಳು. ವಾರಿಜಾ ಸಮೀಕ್ಷೆಯ ನಮೂನೆಗಳನ್ನು ತೆರೆದು ನೋಡಿದಳು. ಇಪ್ಪತ್ಮೂರನೆಯ ಪ್ರಶ್ನೆ: ನಿಮ್ಮ ಕಸುಬಿಗೆ ಮನೆಯೊಳಗೆ ಎಷ್ಟು ಜಾಗ ಬೇಕು? ಎಲ್ಲರೂ ಮಗ್ಗದ ಅಳತೆ ಹೇಳಿದ್ದರು. ಮೂವತ್ತೊಂದನೆಯದು: ಮನೆಯ ಮುಂದಿನ ಬೀದಿ ಬೇರೆಯದಕ್ಕೆ ಹೋದರೆ ಎಷ್ಟು ತೊಂದರೆ? ತೊಂಬತ್ನಾಲ್ಕು ಮನೆಯಿಂದಲೂ ಹೆಚ್ಚುಕಡಿಮೆ ಒಂದೇ ಉತ್ತರ: ಏನೂ ಇಲ್ರಿ, ಹೊಂದಿಕೋತೀವಿ.

ಅವನ್ನು ಬರೆದುಕೊಂಡು ಬಂದವಳು ಜಗದೇವಿಯೇ. ಹಾಸುಬೀದಿಯೂ ಸೇರಿ ನಾಲ್ಕು ಓಣಿಗಳ ಸಮೀಕ್ಷೆ ಅವಳ ಪಾಲಿಗೆ ಬಂದಿತ್ತು. ಎಲ್ಲರಿಗಿಂತ ಬೇಗ ಮುಗಿಸಿದ್ದಕ್ಕೆ ಪ್ರಶಸ್ತಿಪತ್ರವನ್ನೂ ಕೊಟ್ಟಿದ್ದರು. ಹಾಸಿನ ಮಾತನ್ನು ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬೀದಿಯಲ್ಲಿ ಹಾಸು ಹರಡುತ್ತಾರೆ ಎನ್ನುವುದು ಯಾರಿಗೆ ತಾನೇ ಗೊತ್ತಿಲ್ಲ ಎಂದುಕೊಂಡಿದ್ದಳು.

"ಶುಕ್ರವಾರ ಸಂಜೆ ಐದಕ್ಕೆ ನಕ್ಷೆಗೆ ಬೀಗ ಬೀಳುತ್ತೆ," ಎಂದಳು ವಾರಿಜಾ. "ಅಲ್ಲೀವರೆಗೆ ಯಾರು ಬೇಕಾದ್ರೂ ಬಂದು ತಮ್ಮ ಪಡಿಯಾಳಿಗೆ ಮರುಮಾತು ಹೇಳಬಹುದು. ನಿಮ್ಮ ಓಣೀಲಿ ಅರವತ್ತು ಮನೆಯೋರು ಹೇಳಿದ್ರೆ ಯಂತ್ರ ಮತ್ತೆ ಲೆಕ್ಕ ಹಾಕುತ್ತೆ. ಆದ್ರೆ ಹೇಳಿಕೊಟ್ಟು ಕಳಿಸಬೇಡಿ. ಕಲಿಸಿದ ಮಾತನ್ನ ಅದು ದನಿಯಲ್ಲೇ ಹಿಡಿದು ಪಕ್ಕಕ್ಕಿಡುತ್ತೆ."

ಮನೆಗೆ ಬಂದವಳೇ ಜಗದೇವಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅತ್ತಿ, ಬೀದಿ ಹೋದ್ರೂ ತೊಂದ್ರಿ ಇಲ್ಲ ಅಂತ ಯಾಕ ಹೇಳಿದ್ರಿ?"

ನಿಂಬೆವ್ವ ರಾಟೆ ನಿಲ್ಲಿಸಲಿಲ್ಲ. "ನೀ ಕೇಳಿದಿ, ನಾ ಹೇಳಿದೆ. ಅದಕ್ಕೇನೀಗ?"

"ಖರೇ ಹೇಳ್ರಿ."

ಮಗ್ಗದ ಗುಂಡಿಯಲ್ಲಿ ಕೂತಿದ್ದ ಗಂಡ ಪರಪ್ಪ ತಲೆ ತಗ್ಗಿಸಿಕೊಂಡ. ಏನೋ ಇದೆ ಎಂದು ಜಗದೇವಿಗೆ ಆಗಲೇ ಗೊತ್ತಾಯಿತು. ಕೊನೆಗೆ ನಿಂಬೆವ್ವ ರಾಟೆ ಬಿಟ್ಟು ಹೇಳಿದಳು. "ನೀ ಕೇಳಾಕ ಬರೂ ಮೊದಲ ಎಲ್ಲಾರೂ ಕಟ್ಟಿ ಮ್ಯಾಲ ಕುಂತು ಮಾತಾಡ್ಕೊಂಡಿದ್ವಿ. ನಮ್ಮ ಓಣಿ ಸೊಸಿಗೆ ಮೊದಲನೇ ಸಲ ಸರಕಾರದ ಕೆಲಸ ಹತ್ತೈತಿ. ಅಕಿ ಓಣ್ಯಾಗ ತಕರಾರು ಜಾಸ್ತಿ ಬಂದ್ರ ಮ್ಯಾಲಿನವರು ಅಕೀನ್ನ ಬೈತಾರ, ಕೆಲಸಾನೂ ತಗೀತಾರ ಅಂತ ನಮ್ಮ ಹಿರ್ಯಾ ರುದ್ರಮುನಿ ಅಂದ. ನಿನಗ ಪರೀಕ್ಷೆ ಇಟ್ಟಾರ ಅಂತ ತಿಳ್ಕೊಂಡ್ವಿ. ಅದಕ್ಕ ಎಲ್ಲಾರೂ ಛಲೋ ಛಲೋ ಹೇಳಿದ್ವಿ. ಬೀದಿ ಯಾರರ ಖರೇನ ಒಯ್ತಾರಂತ ಯಾರಿಗೆ ಗೊತ್ತು?"

ಜಗದೇವಿಗೆ ಸಿಟ್ಟು ಬಂತು, ಅಳು ಬಂತು, ಇವರನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ತೊಂಬತ್ನಾಲ್ಕು ಮನೆಯವರು ಸೇರಿ ತನ್ನ ಮೇಲಿನ ಅಕ್ಕರೆಗೆ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡಿದ್ದರು. ಅಷ್ಟು ಹೊತ್ತೂ ನಮೂನೆ ತುಂಬುತ್ತ ಎದುರಿಗೇ ಕೂತಿದ್ದರೂ ಅವಳಿಗೆ ಅದು ಕಂಡಿರಲಿಲ್ಲ. ಎಲ್ಲರೂ ನಗುನಗುತ್ತಾ ಉತ್ತರ ಕೊಟ್ಟರೆಂದು ಅವಳೂ ಹಿಗ್ಗಿದ್ದಳು.

ಗುರುವಾರ ಇಡೀ ಓಣಿ ಮರುಮಾತಿನ ಕೋಣೆಯ ಮುಂದೆ ಸಾಲು ನಿಂತಿತು. ಒಳಗೆ ಕುರ್ಚಿ, ಮೈಕು, ಮತ್ತೊಂದು ಮೆತ್ತನೆಯ ದನಿ. ಮೊದಲು ಹೋದ ನಿಂಬೆವ್ವ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದಳು.

"ಏನಂದ್ರಿ?"

"ಏನನ್ನೂದವ್ವ? ಎಷ್ಟು ಚಂದ ಮಾತಾಡಸ್ತೈತಿ ಅದು! ಊಟಾ ಆತೇನ್ರಿ, ಮೊಣಕಾಲು ನೋವು ಹೆಂಗೈತ್ರಿ ಅಂತ ಕೇಳ್ತು. ಅಂಥಾದ್ರ ಮುಂದ ಹೆಂಗ ತಕರಾರು ಎತ್ತೂದು? ಎಲ್ಲಾ ಆರಾಮ ಅಂದೆ."

ಓಣಿಯ ಹಿರಿಯ ರುದ್ರಮುನಿ ಬೇರೆ ಉಪಾಯ ಮಾಡಿದ. ತನ್ನಿಂದಾದ ತಪ್ಪು ಎಂಬ ಕೊರಗು ಅವನಿಗೆ. ನಾಲ್ಕು ಸಾಲು ಬರೆದು ಎಲ್ಲರಿಗೂ ಬಾಯಿಪಾಠ ಮಾಡಿಸಿದ. ಹದಿನೇಳು ಮಂದಿ ಒಳಗೆ ಹೋಗಿ, 'ಸದರಿ ರಸ್ತೆಗೆ ನಮ್ಮ ಪ್ರಬಲ ವಿರೋಧವಿದೆ' ಎಂದು ಒಂದೇ ರಾಗದಲ್ಲಿ ಒಪ್ಪಿಸಿ ಬಂದರು. ಯಂತ್ರ ಹದಿನೇಳನ್ನೂ ಪಕ್ಕಕ್ಕಿಟ್ಟಿತು. ಜಗದೇವಿ ಬೇಡವೆಂದು ಕೈಮುಗಿದು ಹೇಳಿದ್ದಳು. ಕೇಳುವವರು ಯಾರು? ಸಂಜೆಗೆ ಲೆಕ್ಕಕ್ಕೆ ಸಿಕ್ಕ ಮನೆಗಳು ನಾಲ್ಕು. ಬೇಕಾದದ್ದು ಅರವತ್ತು, ಉಳಿದದ್ದು ಒಂದೇ ದಿನ.

ಅವಳಿಗೆ ಅನ್ನ ಇಳಿಯಲಿಲ್ಲ. ಈ ಜನಕ್ಕೆ ಬಾಯಿಯೇ ಇಲ್ಲವೇ? ಇದೆಯಲ್ಲ! ದಿನಾ ಮುಂಜಾನೆ ಬೀದಿಯಲ್ಲಿ ಕೇಳುತ್ತೇನಲ್ಲ! ಕೈಯಲ್ಲಿ ಗಂಜಿಯ ಕುಂಚ ಹಿಡಿದು ಹಾಸಿನ ಆಚೆಯೊಬ್ಬರು ಈಚೆಯೊಬ್ಬರು ನಿಂತರೆಂದರೆ ಮುಗಿಯಿತು, ಮಾವ ಅಳಿಯ, ಅತ್ತೆ ಸೊಸೆ ಎಂಬ ಭೇದವಿಲ್ಲ. ನೀರು ಬಿಡದವನಿಂದ ಹಿಡಿದು ಮಂತ್ರಿಯವರೆಗೆ ಎಲ್ಲರ ಜನ್ಮ ಜಾಲಾಡುತ್ತಾರೆ. ಹಾಸಿನ ಮೇಲೆ ಆಡಿದ ಮಾತಿಗೆ ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ, ಅದು ಓಣಿಯ ರೂಢಿ. ಕುರ್ಚಿಯ ಮೇಲೆ ಕೂರಿಸಿ ಉಪಚಾರ ಮಾಡಿದರೆ ಮಾತ್ರ ಇವರ ನಾಲಿಗೆ ಬಿದ್ದುಹೋಗುತ್ತದೆ. ಅವಳು ಎದ್ದು ನೇರ ವಾರಿಜಾಳ ಮನೆಗೆ ಹೋಗಿ ಯಂತ್ರವನ್ನೇ ಬೀದಿಗೆ ಕಳಿಸಿರೆಂದು ಕೇಳಿದಳು. ಜನರಿಗೆ ಮೊದಲೇ ತಿಳಿಸಿ ಒಪ್ಪಿಗೆ ತೆಗೆದುಕೊಂಡರೆ ನಿಯಮಕ್ಕೆ ಅಡ್ಡಿಯಿಲ್ಲವೆಂದು ವಾರಿಜಾ ಬಹಳ ಯೋಚಿಸಿ ಒಪ್ಪಿದಳು.

ಓಣಿಯವರೂ ರಾತ್ರಿಯೇ ಒಪ್ಪಿಗೆ ಕೊಟ್ಟರು. ಶುಕ್ರವಾರ ನಸುಕಿನಲ್ಲಿ ಹಾಸಿನ ಗೂಟಗಳಿಗೆ ಮೈಕು ಕಟ್ಟಿದರು. ಮೊದಲ ಅರ್ಧ ತಾಸು ಎಲ್ಲರೂ ಶಾಲೆಯ ಗ್ಯಾದರಿಂಗಿನ ವೇದಿಕೆಯಲ್ಲಿ ನಿಂತವರಂತೆ ಮೆಲ್ಲಗೆ ಕೆಮ್ಮುತ್ತಾ, ರೀ ಹಚ್ಚಿ ಮಾತಾಡುತ್ತಾ ಗಂಜಿ ಸವರಿದರು. ಜಗದೇವಿ ಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಹೊರಗೆ ಬಂದರೆ ಮತ್ತೆ ತನ್ನ ಮುಖ ನೋಡಿ ಸಿಹಿ ಮಾತಾಡುತ್ತಾರೆಂಬ ಭಯ.

ಅಷ್ಟರಲ್ಲಿ ಯಾರೂ ಕರೆಯದೆ ಕಾರ್ಖಾನೆಯ ಜೀಪೊಂದು ಬೀದಿಯ ತುದಿಗೆ ಬಂದು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಆಮೇಲೆ ಮೊದಲ ಗೂಟದ ತನಕ ನುಗ್ಗಿ ಬಂತು. ನಿಂಬೆವ್ವ ಕುಂಚ ಹಿಡಿದೇ ಅದರ ಮುಂದೆ ಹೋಗಿ ನಿಂತಳು.

"ಏಯ್, ಕಣ್ಣಾಗ ಏನ್ ಇಟ್ಕೊಂಡಿ? ಅರವತ್ತು ಮೊಳ ಹಾಸು ಹರವೇವಿ, ಕಾಣಂಗಿಲ್ಲ? ಇದರ ಮ್ಯಾಲ ಗಾಲಿ ಹಾಯ್ದ್ರ ಎರಡು ತಿಂಗಳ ಕೂಳು ಮಣ್ಣಪಾಲು! ನಮ್ಮತ್ತಿ ಇಲ್ಲೇ ಹಾಕ್ಯಾಳ, ನಾನೂ ಇಲ್ಲೇ ಹಾಕೇನಿ. ಮನ್ಯಾಗ ಹಾಕು ಅಂತೀಯೇನು? ನಿಮ್ಮಪ್ಪ ಕಟ್ಟಿಸಿ ಕೊಟ್ಟಾನೇನು ಅರವತ್ತು ಮೊಳದ ಮನಿ? ಈ ಬೀದಿ ಹೋದ ದಿನ ಮಗ್ಗ ಎತ್ತಿ ಒಲಿಗೆ ಹಾಕಬೇಕು ನಾವು. ತೊಂದ್ರಿ ಇಲ್ಲಂತ! ಯಾವಳು ಹೇಳಿದಳು ತೊಂದ್ರಿ ಇಲ್ಲ ಅಂತ?"

ಹೇಳಿದವಳು ತಾನೇ ಎಂಬುದು ಅವಳಿಗೆ ಆ ಕ್ಷಣ ನೆನಪಿರಲಿಲ್ಲ. ಜೀಪು ಹಿಂದಕ್ಕೆ ಸರಿಯಿತು. ಆದರೆ ಕಟ್ಟೆ ಒಡೆದಿತ್ತು. ರುದ್ರಮುನಿ ಶುರು ಮಾಡಿದ, ಪರಪ್ಪನಂಥ ಮಾತಿಲ್ಲದವನೂ ಶುರು ಮಾಡಿದ. ಧೂಳು, ಹೊಗೆ, ಬೆನ್ನುನೋವು, ಎಳೆ ಹರಿದರೆ ಆಗುವ ಗತಿ, ಹೆಣ್ಣುಮಕ್ಕಳ ಮದುವೆ, ಮುದುಕರ ದಮ್ಮು, ಎಲ್ಲ ಆ ಬೀದಿಗೆ ಬಂದು ಬಿತ್ತು. ಹತ್ತು ಗಂಟೆಗೆ ಹಾಸು ಸುತ್ತುವಾಗ ವಾರಿಜಾಳ ಫೋನು ಬಂತು. ಎಪ್ಪತ್ತೊಂದು ಮನೆ ಲೆಕ್ಕಕ್ಕೆ ಸಿಕ್ಕಿದ್ದವು.

ಸಂಜೆ ನಾಲ್ಕಕ್ಕೆ ವಾರಿಜಾ ಯಂತ್ರ ಓಡಿಸಿದಳು. ಓಣಿಯ ಜನ ಹೊರಗೆ ಕಾಂಪೌಂಡಿನಲ್ಲಿ ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ಹನ್ನೊಂದು ನಿಮಿಷ ಜಗದೇವಿ ಪರದೆಯ ಮುಂದಿನಿಂದ ಕದಲಲಿಲ್ಲ. ನಾನೂರ ಹದಿಮೂರನೆಯ ನಕ್ಷೆ ಮೂಡಿತು. ಹಾಸುಬೀದಿ ಇದ್ದ ಹಾಗೇ ಇತ್ತು. ಅವಳು ಕಿಟಕಿಯಿಂದ ಕೈ ಬೀಸಿದಳು. ಹೊರಗೆ ಕೇಕೆ ಎದ್ದಿತು. ಪರಪ್ಪ ತನ್ನ ಟೊಪ್ಪಿಗೆಯನ್ನು ಮೇಲಕ್ಕೆ ಎಸೆದದ್ದನ್ನು ಅವಳು ಮದುವೆಯಾದ ಮೇಲೆ ಮೊದಲ ಸಲ ಕಂಡಳು.

ತಿರುಗಿ ನೋಡಿದಾಗ ವಾರಿಜಾ ನಗುತ್ತಿರಲಿಲ್ಲ.

"ರಸ್ತೆ ಎಲ್ಲಿಗೆ ಹೋತ್ರಿ ಮೇಡಂ?"

ವಾರಿಜಾ ಬೆರಳು ತೋರಿಸಿದಳು. ಕಾಲುವೆಯ ಆಚೆ, ಕಲ್ಲುಮಡ್ಡಿ. ಅಲ್ಲಿ ಕಲ್ಲು ಒಡೆಯುವವರ ಮೂವತ್ತೊಂದು ಮನೆಗಳಿದ್ದವು. ಹೊಸ ನಕ್ಷೆಯಲ್ಲಿ ಒಂದೂ ಇರಲಿಲ್ಲ. ಸಹನೆಯ ಅಂಕ ತೊಂಬತ್ನಾಲ್ಕು. ನಿನ್ನೆಯ ತನಕ ಹಾಸುಬೀದಿಯ ನಂತರ ಊರಿನಲ್ಲಿ ಅದೇ ಎರಡನೆಯದು, ಈಗ ಅದೇ ಮೊದಲನೆಯದು. ಇಳಿಜಾರು ಇದ್ದ ಕಡೆ ನೀರು ಹರಿದ ಹಾಗೆ ಭಾರ ಅತ್ತ ಹರಿದಿತ್ತು. ತಕರಾರು, ಸೊನ್ನೆ.

ಕಲ್ಲುಮಡ್ಡಿಯ ಸಮೀಕ್ಷೆಯೂ ಜಗದೇವಿಯದೇ. ಅವಳಿಗೆ ಗಾಳೆವ್ವನ ನೆನಪಾಯಿತು. ಆ ಓಣಿಯ ಮೊದಲ ಮನೆಯವಳು. ಇವಳನ್ನು ಕೂರಿಸಲು ಒಂದು ಚಪ್ಪಡಿಯನ್ನು ಸೆರಗಿನಿಂದ ಒರೆಸಿದ್ದಳು. ಯಾವ ಪ್ರಶ್ನೆಗೂ ಅವಳದು ಒಂದೇ ಉತ್ತರ: ನಮ್ಮನ್ನ ಕೇಳಾಕ ಒಬ್ಬರರ ಬಂದ್ರಲ್ಲ, ಅಷ್ಟ ಸಾಕ್ರಿ. ಜಗದೇವಿ ಅದನ್ನು 'ತೊಂದರೆ ಇಲ್ಲ' ಎಂಬ ಚೌಕಕ್ಕೆ ಹಾಕಿದ್ದಳು. ಎಲ್ಲಿಗೂ ಹೊಂದದ ಮಾತಿಗೆ ಅಲ್ಲೇ ಜಾಗ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

"ಅವ್ರೂ ಮರುಮಾತು ಹೇಳಬಹುದಲ್ರಿ?"

"ನಾಲ್ಕೂವರೆ ಆಯ್ತು. ಅವ್ರು ಕ್ವಾರಿಯಿಂದ ಬರೋದೇ ಆರಕ್ಕೆ." ವಾರಿಜಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಒಂದು ದಾರಿ ಇದೆ. ನಾನು ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಈ ನಕ್ಷೆ ಮುಗಿದ್ರೆ ನಾನೂ ಊರಿಗೆ ಹೋಗಬಹುದು ಅನ್ನೋ ಆಸೆ. ಸಮೀಕ್ಷೆ ಮಾಡಿದವರೇ ತಮ್ಮ ಉತ್ತರಗಳು ನಂಬೋ ಹಾಗಿಲ್ಲ ಅಂತ ಬರೆದುಕೊಟ್ರೆ ಅಷ್ಟೂ ರದ್ದಾಗುತ್ತೆ. ಬೀಗ ಮೂರು ತಿಂಗಳು ಮುಂದಕ್ಕೆ ಹೋಗುತ್ತೆ. ಬೇರೆಯವರು ಬಂದು ಮತ್ತೆ ಮೊದಲಿಂದ ಕೇಳ್ತಾರೆ."

"ಅಷ್ಟೂ ಅಂದ್ರ?"

"ನಿಮ್ಮ ನಾಲ್ಕೂ ಓಣಿ. ಹಾಸುಬೀದಿಯ ಇವತ್ತಿನ ಮಾತೂ ಹೋಗುತ್ತೆ, ಅದು ಮೊದಲಿನ ಉತ್ತರದ ಮೇಲೇ ನಿಂತಿರೋದು. ಮೂರು ತಿಂಗಳಾದ ಮೇಲೆ ನಿಮ್ಮ ಬೀದಿ ಉಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಮತ್ತೆ ನಿಮಗೆ... ಈ ಕೆಲಸ ಇರಲ್ಲ. ಇನ್ಯಾವ ಸರ್ಕಾರಿ ಕೆಲಸಾನೂ ಸಿಗಲ್ಲ."

ಜಗದೇವಿ ಕಿಟಕಿಯ ಬಳಿ ಹೋದಳು. ಕೆಳಗೆ ನಿಂಬೆವ್ವ ಯಾರಿಗೋ ಜೀಪಿನ ಕಥೆಯನ್ನು ಅಭಿನಯಿಸಿ ತೋರಿಸುತ್ತಿದ್ದಳು. ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಯಂತ್ರ ಮಾಡಿದ್ದು, ನಾನೇನು ಮಾಡಲಿ ಎಂದರೆ ಆಯಿತು. ಕಲ್ಲುಮಡ್ಡಿಯವರಿಗೆ ಬೇರೆ ಕಡೆ ಮನೆ ಕೊಡುತ್ತಾರೆ, ಕೊಡದೇ ಇರುತ್ತಾರೆಯೇ? ಅವಳು ತನಗೆ ತಾನೇ ಇಷ್ಟೆಲ್ಲ ಹೇಳಿಕೊಂಡಳು. ಹೇಳಿಕೊಂಡಷ್ಟೂ ಚಪ್ಪಡಿ ಒರೆಸಿದ ಆ ಸೆರಗೇ ಕಣ್ಣಿಗೆ ಕಟ್ಟಿತು. ಮಗ್ಗ ಬಿಟ್ಟು ಬಂದು ನಿಂತಿರುವ ಇವರ ಮುಂದೆ ಏನೆಂದು ಹೇಳಲಿ? ಹೇಳದೆ ಹೇಗಿರಲಿ? ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹದಿನಾಲ್ಕು ನಿಮಿಷವಿತ್ತು.

ಅವಳು ಅರ್ಜಿಯನ್ನು ಕೇಳಿ ತೆಗೆದುಕೊಂಡಳು. ಕಾರಣ ಎಂಬಲ್ಲಿ ಬರೆದಳು: ಕೇಳಿದವಳು ನಾನು. ಅವರು ನನ್ನ ಮುಖ ನೋಡಿ ಹೇಳಿದ್ದಾರೆ. ವಾರಿಜಾ ಅದನ್ನು ಓದಿ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ನಾಲ್ಕು ಓಣಿಗಳ ಚುಕ್ಕೆಗಳು ಒಂದೊಂದಾಗಿ ಆರಿದವು. ನಿಂಬೆವ್ವನದು ಯಾವಾಗ ಆರಿತೋ ಜಗದೇವಿ ನೋಡಲಿಲ್ಲ.

ಹೊರಗೆ ಬಂದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ರುದ್ರಮುನಿ ಬಾಯಿಗೆ ಬಂದಂತೆ ಬೈದ. ಅವನ ಹಿಂದೆ ಉಳಿದವರೂ ಬೈದರು. ಪರಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ದೂರ ಹೋಗಿ ನಿಂತ. ಎಲ್ಲರ ಮಾತು ಮುಗಿದ ಮೇಲೆ ನಿಂಬೆವ್ವ ಹತ್ತಿರ ಬಂದಳು. ಅವಳ ದನಿ ಏರಲಿಲ್ಲ.

"ನಿನ್ನ ನೌಕರಿ ಸಲುವಾಗಿ ಸುಳ್ಳು ಹೇಳಿದ್ವಿ. ಬೀದಿ ಸಲುವಾಗಿ ಖರೇ ಹೇಳಿದ್ವಿ. ಎರಡನ್ನೂ ಕಳದಿ."

"ಹೌದ್ರಿ ಅತ್ತಿ."

"ಮಡ್ಡಿ ಮಂದಿಗೆ ಗೊತ್ತೈತೇನು?"

"ಇಲ್ಲ."

"ಹಂಗಾದ್ರ ಹೋಗಿ ಹೇಳು. ನನ್ನ ಮುಂದ ನಿಂತು ಅಳಬ್ಯಾಡ, ನನಗ ಇವತ್ತು ನಿನ್ನ ಮಾರಿ ನೋಡಾಕ ಆಗಂಗಿಲ್ಲ."

ಕಾಲುವೆಯ ದಾರಿಯಲ್ಲಿ ಅವಳ ಜೊತೆ ಯಾರೂ ಬರಲಿಲ್ಲ. ಮಡ್ಡಿ ತಲುಪುವ ಹೊತ್ತಿಗೆ ಜನ ಕ್ವಾರಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಗಾಳೆವ್ವ ದೂರದಿಂದಲೇ ಗುರುತು ಹಿಡಿದು, "ಬರ್ರಿ ಅಕ್ಕಾರ, ಬರ್ರಿ," ಎಂದು ಬಾಯಿ ತುಂಬ ನಕ್ಕಳು. ಜಗದೇವಿ ಕೂರಲಿಲ್ಲ. ನಿಂತೇ ಹೇಳಿದಳು. ರಸ್ತೆ ಬರುವುದಿತ್ತು, ನಿಮ್ಮ ಮೂವತ್ತೊಂದು ಮನೆಗಳೂ ಹೋಗುವುದಿದ್ದವು, ನಿಮ್ಮ ಮಾತನ್ನು ನಾನೇ ತಪ್ಪಾಗಿ ಬರೆದಿದ್ದೆ, ಅದನ್ನು ರದ್ದು ಮಾಡಿಸಿದ್ದಕ್ಕೆ ನನ್ನ ಕೆಲಸ ಹೋಯಿತು, ಮೂರು ತಿಂಗಳಿಗೆ ಮತ್ತೆ ಯಾರೋ ಕೇಳಲು ಬರುತ್ತಾರೆ, ಆಗಲಾದರೂ ನಿಮಗೆ ಏನು ಬೇಕು ಏನು ಬೇಡ ಎಲ್ಲವನ್ನೂ ಬಾಯಿಬಿಟ್ಟು ಹೇಳಿ.

ಗಾಳೆವ್ವ ಪೂರ್ತಿ ಕೇಳಿಸಿಕೊಂಡಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಜಗದೇವಿಯ ತೋಳು ಹಿಡಿದಳು.

"ಹೋಗ್ಲಿ ಬಿಡ್ರಿ ಅಕ್ಕಾರ. ನಮ್ಮದೇನೈತಿ, ಹೆಂಗರ ನಡೀತೈತಿ. ನಮ್ಮ ಸಲುವಾಗಿ ನಿಮಗ ತೊಂದ್ರಿ ಆತಲ್ಲ."